ಮಲ್ನಾಡಲ್ಲಿದ್ಕೊಂಡು ಸಂಜೆ ಗ್ರಹಗಳ ಜೋಡಿ ನೋಡೋದು, ಫೋಟೋ ಹೊಡೆಯೋದು: ಕ್ಯಾಮೆರಾಗಿಂತ ಮೊದಲು ಪಶ್ಚಿಮ ದಿಕ್ಕು ಹುಡುಕಿ

ಸಂಜೆ ಆಕಾಶದಲ್ಲಿ ಎರಡು ಗ್ರಹ ಹತ್ರ ಬರ್ತಾವೆ ಅಂತ ಸುದ್ದಿ ಬಂದ ತಕ್ಷಣ ನಮ್ಮ ಕಡೆ ಎಲ್ರೂ ಕೇಳೋದು ಯಾವ ಕ್ಯಾಮೆರಾ ಬೇಕು, ನನ್ನ ಫೋನಲ್ಲಿ ಬರತ್ತಾ ಅಂತ. ನಾನು ವಾಪಸ್ ಕೇಳೋದು ಒಂದೇ, ನಿಮ್ಮನೆ ಪಶ್ಚಿಮಕ್ಕೆ ಏನಿದೆ? ಗುಡ್ಡ ಇದೆಯಾ, ಅಡಿಕೆ ತೋಟ ಇದೆಯಾ, ಪಕ್ಕದವರು ಹೊಸದಾಗಿ ಕಟ್ಟಿದ ಮೂರಂತಸ್ತಿನ ಮನೆ ಇದೆಯಾ? ಹೊನ್ನಾಳಿ ಚನ್ನಗಿರಿ ಕಡೆಯವರಿಗೆ ಈ ತಲೆಬಿಸಿ ಇಲ್ಲ, ಮನೆ ಮುಂದೆ ನಿಂತ್ರೆ ಆಕಾಶ ನೆಲ ಮುಟ್ಟೋವರೆಗೂ ಕಾಣತ್ತೆ. ನಮ್ಮ ಹೊಸನಗರ ತೀರ್ಥಹಳ್ಳಿ ಕಡೆ ಎಷ್ಟೋ ಮನೆಗೆ ಸೂರ್ಯ ಮುಳುಗೋದೇ ಕಾಣಲ್ಲ ಮಾರಾಯ್ರೆ, ಐದು ಗಂಟೆಗೆಲ್ಲ ಗುಡ್ಡದ ನೆರಳು ಅಂಗಳಕ್ಕೆ ಬಂದು ಕೂತಿರತ್ತೆ. ಅಂಥ ಜಾಗದಲ್ಲಿ ಲಕ್ಷ ರೂಪಾಯಿ ಕ್ಯಾಮೆರಾ ಇಟ್ಕೊಂಡು ಏನು ಮಾಡ್ತೀರಿ.

ಹಾಗಾಗಿ ಜಾಗ ಮೊದಲು, ಟೈಮ್ ಆಮೇಲೆ, ಕ್ಯಾಮೆರಾ ಕೊನೆಗೆ. ನಾನೂ ಅದೇ ಆರ್ಡರಲ್ಲಿ ಹೇಳ್ತಾ ಹೋಗ್ತೀನಿ, ಒಂದೇ ಒಂದು ವಿಷಯ ಅದಕ್ಕಿಂತ ಮೊದಲು, ಅದು ತಾರೀಖು.

ಯಾವತ್ತು, ಯಾವ ಗ್ರಹ

ಗ್ರಹಗಳೆಲ್ಲ ಆಕಾಶದಲ್ಲಿ ಹೆಚ್ಚುಕಮ್ಮಿ ಸೂರ್ಯ ಹೋಗೋ ದಾರಿಯಲ್ಲೇ ಓಡಾಡೋದು, ಒಂದು ಜೋರಾಗಿ ಇನ್ನೊಂದು ನಿಧಾನಕ್ಕೆ. ಬೆಳ್ಳಿ, ಅಂದ್ರೆ ಶುಕ್ರ, ಸಂಜೆ ಹೊತ್ತು ಕಾಣೋ ಕಾಲದಲ್ಲಿ ದಿನಕ್ಕೆ ಸುಮಾರು ಒಂದು ಡಿಗ್ರಿ ಸರೀತಾನೆ, ಗುರುಗೆ ಸೂರ್ಯನ್ನ ಒಂದು ಸುತ್ತು ಹಾಕೋಕೇ ಹತ್ರಹತ್ರ 12 ವರ್ಷ ಬೇಕು, ಶನಿಗೆ 29 ದಾಟತ್ತೆ. ಜೋರಾಗಿ ಹೋಗೋವ್ನು ನಿಧಾನಕ್ಕೆ ಹೋಗೋವ್ನನ್ನ ದಾಟಿ ಹೋಗೋ ಹೊತ್ತಿಗೆ ನಮ್ಮ ಕಣ್ಣಿಗೆ ಇಬ್ರೂ ಅಕ್ಕಪಕ್ಕ ನಿಂತ ಹಾಗೆ ಕಾಣೋದು, ಅದೇ ಯುತಿ. ನಿಜವಾಗಿ ಅವುಗಳ ಮಧ್ಯೆ ಕೋಟಿಗಟ್ಟಲೆ ಕಿಲೋಮೀಟರ್ ಇರತ್ತೆ.

2020ರ ಡಿಸೆಂಬರ್ 21ರಂದು ಗುರು ಶನಿ ಬರೀ 0.1 ಡಿಗ್ರಿ ಅಂತರಕ್ಕೆ ಬಂದಿದ್ವು, ಬರಿಗಣ್ಣಿಗೆ ಎರಡೂ ಸೇರಿ ಒಂದೇ ಅನ್ನೋ ಅಷ್ಟು. 2023ರ ಮಾರ್ಚ್ 1, 2ರ ಹೊತ್ತಿಗೆ ಶುಕ್ರ ಗುರು ಸುಮಾರು ಅರ್ಧ ಡಿಗ್ರಿ, ಅಂದ್ರೆ ಹುಣ್ಣಿಮೆ ಚಂದ್ರನ ಅಗಲದಷ್ಟು. 2026ರ ಜೂನ್ 9ರದ್ದು ಮತ್ತೆ ಶುಕ್ರ ಗುರು ಜೋಡಿ, ಅಂತರ 1.6 ಡಿಗ್ರಿ, ಕೆಳಗಡೆ ಬುಧನೂ ಇರ್ತಾನೆ, ಜೂನ್ 16, 17ಕ್ಕೆ ಎಳೆ ಚಂದ್ರ ಬಂದು ಸೇರ್ಕೊಳ್ತಾನೆ. ಗುರು ಶನಿ ಮತ್ತೆ ಹತ್ರ ಬರೋದು 2040ಕ್ಕೆ, ಅಲ್ಲಿವರೆಗೆ ಕಾಯಬೇಕಾಗಿಲ್ಲ, ಬೆಳ್ಳಿ ಆಗಾಗ ಯಾರದ್ದಾದ್ರೂ ಜೊತೆ ಸಿಗ್ತಾನೇ ಇರ್ತಾನೆ.

ಮನೇಲಿ ಪಂಚಾಂಗ ಇದ್ರೆ ಅದೂ ಉಪಯೋಗಕ್ಕೆ ಬರತ್ತೆ, ಆದ್ರೆ ನೋಡೋ ರೀತಿ ಗೊತ್ತಿರಬೇಕು. ಎರಡು ಗ್ರಹ ಒಂದೇ ರಾಶಿಯಲ್ಲಿವೆ ಅಂದ ತಕ್ಷಣ ಹತ್ರ ಇವೆ ಅಂತಲ್ಲ, ಒಂದು ರಾಶಿ ಅಂದ್ರೆ 30 ಡಿಗ್ರಿ, ಒಂದು ಆ ಕಡೆ ತುದೀಲಿ ಇನ್ನೊಂದು ಈ ಕಡೆ ತುದೀಲಿ ಇರಬಹುದು. ಗ್ರಹಸ್ಫುಟದ, ಅಂದ್ರೆ ಯಾವ ಗ್ರಹ ಯಾವ ರಾಶಿಯ ಎಷ್ಟನೇ ಡಿಗ್ರೀಲಿದೆ ಅನ್ನೋ ಪಟ್ಟಿ ನೋಡಿ ಡಿಗ್ರಿ ಕಳೀರಿ, ವ್ಯತ್ಯಾಸ ಐದಕ್ಕಿಂತ ಕಡಿಮೆ ಬಂದ್ರೆ ಆ ವಾರ ನೋಡೋಕೆ ಲಾಯಕ್ಕು. ಇನ್ನೊಂದು, ಮದುವೆ ಮುಹೂರ್ತ ಇಲ್ಲ ಅಂತ ಪುರೋಹಿತ್ರು ಹೇಳೋ ಗುರು ಅಸ್ತ ಶುಕ್ರ ಅಸ್ತದ ದಿನಗಳು ಇದಾವಲ್ಲ, ಅವು ಆ ಗ್ರಹ ಸೂರ್ಯನ ಬೆಳಕಲ್ಲಿ ಮುಚ್ಚಿಹೋಗಿರೋ ದಿನಗಳು, ಆವಾಗ ಎಂಥ ಯುತಿ ಇದ್ರೂ ನಮಗೆ ಕಾಣಲ್ಲ. ಇದೆಲ್ಲ ರಗಳೆ ಬೇಡ ಅಂದ್ರೆ ಫೋನಲ್ಲೋ ಕಂಪ್ಯೂಟರಲ್ಲೋ ಸ್ಟೆಲೇರಿಯಂ ಅನ್ನೋ ಆಕಾಶ ತೋರಿಸೋ ಆ್ಯಪ್ ಹಾಕ್ಕೊಂಡು ಊರು ಶಿವಮೊಗ್ಗ ಅಂತ ಸೆಟ್ ಮಾಡಿ ತಾರೀಖು ಮುಂದೆ ತಳ್ತಾ ಹೋಗಿ, ಎಲ್ಲ ಅಲ್ಲೇ ಕಾಣತ್ತೆ. ವಾಟ್ಸಾಪಲ್ಲಿ ಬರೋ ಎಂಟು ಗ್ರಹ ಮುತ್ತಿನ ಸರದ ತರ ಸಾಲಾಗಿರೋ ಚಿತ್ರ ನಂಬ್ಕೊಂಡು ಮಾತ್ರ ಯಾರನ್ನೂ ತಾರಸಿಗೆ ಹತ್ತಿಸಬೇಡಿ, ನೆಪ್ಚೂನ್ ಬರಿಗಣ್ಣಿಗೆ ಕಾಣೋದೇ ಇಲ್ಲ.

ಪಶ್ಚಿಮ ಹುಡುಕೋದು

ಬೆಳ್ಳಿ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗಲ್ಲ, ಬುಧ 28 ದಾಟಲ್ಲ. ಅಂದ್ರೆ ಇವರಿರೋ ಜೋಡಿ ಸಂಜೆ ಕಾಣೋದಾದ್ರೆ ಅದು ಪಶ್ಚಿಮದಲ್ಲೇ, ಸೂರ್ಯನ ಹಿಂದೆ ಹಿಂದೆ ಇಳೀತಾ ಇರತ್ತೆ. ಆದ್ರೆ ಪಶ್ಚಿಮ ಅಂದ್ರೆ ಒಂದೇ ಬಿಂದು ಅಲ್ಲ, ಇದನ್ನ ತುಂಬಾ ಜನ ಮರೀತಾರೆ. ಶಿವಮೊಗ್ಗದಿಂದ ನೋಡಿದ್ರೆ ಜೂನಲ್ಲಿ ಸೂರ್ಯ ಮುಳುಗೋದು ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಲ್ಲಿ ಅಷ್ಟೇ ದಕ್ಷಿಣಕ್ಕೆ. ಗ್ರಹಗಳೂ ಆಚೀಚೆ ಅದೇ ದಾರಿ. ಮಾರ್ಚಲ್ಲಿ ಎರಡು ಗುಡ್ಡದ ಮಧ್ಯೆ ಚಂದ ಕಂಡಿದ್ದ ಜಾಗ ಜೂನಲ್ಲಿ ಸೀದಾ ಗುಡ್ಡಕ್ಕೆ ಮುಖ ಮಾಡಿರಬಹುದು.

ಅಳೆಯೋಕೆ ಕೈ ಸಾಕು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದ್ರೆ ಅದರ ಅಗಲ ಸುಮಾರು 10 ಡಿಗ್ರಿ, ಮಧ್ಯದ ಮೂರು ಬೆರಳು 5 ಡಿಗ್ರಿ, ಕಿರುಬೆರಳು ಒಂದು. ಕಣ್ಣ ಮಟ್ಟದಿಂದ ಶುರು ಮಾಡಿ ಗುಡ್ಡದ ನೆತ್ತಿಗೆ ಎಷ್ಟು ಮುಷ್ಟಿ ಅಂತ ಒಂದರ ಮೇಲೊಂದು ಇಟ್ಟು ಎಣಿಸಿ. ನಾವಿರೋದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಗ್ರಹಗಳು ಓರೆಯಾಗಿ ಜಾರಲ್ಲ, ಹೆಚ್ಚುಕಮ್ಮಿ ನೆಟ್ಟಗೆ ಇಳೀತವೆ, ಒಂದು ಮುಷ್ಟಿ ಇಳಿಯೋಕೆ ನಲವತ್ತು ನಲವತ್ತೈದು ನಿಮಿಷ. ಗುಡ್ಡ ಎರಡು ಮುಷ್ಟಿ ಎತ್ತರ ಇದ್ರೆ ನಿಮಗೆ ಒಂದೂವರೆ ಗಂಟೆ ನೋಟ ಹೋಯ್ತು ಅಂತಲೇ ಲೆಕ್ಕ. 2026ರ ಜೂನ್ ಜೋಡಿಯಂಥದ್ದಕ್ಕೆ ಅದೂ ಪರವಾಗಿಲ್ಲ, ಸೂರ್ಯ ಮುಳುಗೋ ಹೊತ್ತಿಗೆ ಅವು ಮೂರು ಮುಷ್ಟಿಗಿಂತ ಮೇಲಿರ್ತವೆ, ಒಂಬತ್ತು ಗಂಟೆ ದಾಟೋವರೆಗೂ ಮುಳುಗಲ್ಲ. ಬುಧ ಬೇಕು ಅಂದ್ರೆ ಮಾತ್ರ ತೆರೆದ ಪಶ್ಚಿಮ ಬೇಕೇ ಬೇಕು.

ಎಲ್ಲಿ ಸಿಗತ್ತೆ? ದೂರ ಹೋಗಬೇಡಿ ಮೊದಲು. ಊರಿನ ಕೆರೆ ಏರಿ ನೋಡಿ, ಕೆರೆಯ ಪೂರ್ವ ಬದಿಗೆ ನಿಂತ್ರೆ ಮುಂದೆ ನೀರು, ಅಲ್ಲಿಗೇ ನಿಮಗೆ ತೆರೆದ ಜಾಗ ಸಿಕ್ತು, ಗಾಳಿ ಇಲ್ಲದ ದಿನ ಬೆಳ್ಳಿಯ ಬಿಂಬ ನೀರಲ್ಲೂ ಬೀಳತ್ತೆ. ಕೊಯ್ಲಾದ ಗದ್ದೆ ಬಯಲು, ಮನೆ ಹಿಂದಿನ ಬ್ಯಾಣ (ಹುಲ್ಲುಗಾವಲು), ಶಾಲೆ ಮೈದಾನ, ಇವೆಲ್ಲ ಆಗತ್ತೆ. ಪೇಟೆಯವರಿಗೆ ತಾರಸಿನೇ ಸಾಕು, ಯಾಕಂದ್ರೆ ಬೆಳ್ಳಿ ಗುರು ಎರಡೂ ಬೀದಿದೀಪಕ್ಕೆಲ್ಲ ಹೆದರೋ ಪೈಕಿ ಅಲ್ಲ. ಕತ್ತಲೆ ಆಕಾಶ ಬೇಕಿರೋದು ಆಕಾಶಗಂಗೆ ನೋಡೋರಿಗೆ, ನಮಗಲ್ಲ. ಇದು ಗೊತ್ತಿಲ್ಲದೆ ಜನ ಸುಮ್ನೆ ಕಾಡೊಳಗೆ ಹೋಗ್ತಾರೆ, ಅಲ್ಲಿ ಹೋದ್ರೆ ಮರದ ಮಧ್ಯೆ ಪಶ್ಚಿಮಾನೇ ಕಾಣಲ್ಲ.

ಸ್ವಲ್ಪ ಓಡಾಡೋ ಮನಸ್ಸಿದ್ರೆ ಗಾಜನೂರಿನ ತುಂಗಾ ಹಿನ್ನೀರಿನ ದಂಡೆ, ಸಾಗರದ ಕಡೆಯಿಂದ ಹೋದ್ರೆ ಶರಾವತಿ ಹಿನ್ನೀರಿನ ಹೊಳೆಬಾಗಿಲು, ತೀರ್ಥಹಳ್ಳಿ ತಾಲೂಕಿನ ಕುಂದಾದ್ರಿ, ಮಳೆಗಾಲ ಬಿಟ್ಟು ಆಗುಂಬೆಯ ಸೂರ್ಯಾಸ್ತದ ಜಾಗ. ಆಗುಂಬೆ ಯಾಕೆ ವಿಶೇಷ ಅಂದ್ರೆ ಅದು ಘಟ್ಟದ ಅಂಚು, ಮುಂದೆ ಕರಾವಳಿ ಪೂರ್ತಿ ಕೆಳಗಿರೋದ್ರಿಂದ ಗುಡ್ಡದ ಕಾಟ ಇಲ್ಲ. ಕೊಡಚಾದ್ರಿ 1343 ಮೀಟರ್, ನೋಟ ಕೇಳಬೇಡಿ, ಆದ್ರೆ ಕತ್ತಲಾದ ಮೇಲೆ ಆ ದಾರೀಲಿ ಇಳಿಯೋದು ಎಲ್ಲರಿಗೂ ಆಗೋ ಮಾತಲ್ಲ. ಇಂಥ ಜಾಗಕ್ಕೆಲ್ಲ ಹೋಗೋ ಮುಂಚೆ ಸಂಜೆ ಎಷ್ಟು ಗಂಟೆವರೆಗೆ ಇರೋಕೆ ಬಿಡ್ತಾರೆ ಅಂತ ಕೇಳ್ಕೊಂಡೇ ಹೋಗಿ, ಸೂರ್ಯ ಮುಳುಗಿದ ತಕ್ಷಣ ಎಲ್ರನ್ನೂ ಎಬ್ಬಿಸಿ ಕಳಿಸಿದ್ರೆ ನಮ್ಮ ಆಟ ಶುರುವಾಗೋ ಮೊದ್ಲೇ ಮುಗೀತು.

ಮೋಡದ ಲೆಕ್ಕಾಚಾರ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ನಮಗೆ ಚಿಂತೆ ಕಡಿಮೆ. ಮಾರ್ಚ್ ಏಪ್ರಿಲಲ್ಲಿ ಧೂಳು, ಕಾಡ್ಗಿಚ್ಚಿನ ಹೊಗೆ ಎಲ್ಲ ಸೇರಿ ದಿಗಂತದ ಹತ್ರ ಅರ್ಧ ಮುಷ್ಟಿ ಎತ್ತರ ಕಂದು ಬಣ್ಣಕ್ಕೆ ತಿರುಗಿರತ್ತೆ, ಅದರೊಳಗೆ ಬುಧ ಮಂಗಳ ಕರಗಿಹೋಗ್ತಾರೆ, ಬೆಳ್ಳಿ ಒಬ್ಬನೇ ತೂರ್ಕೊಂಡು ಕಾಣ್ತಾನೆ.

ಕಷ್ಟ ಇರೋದು ಜೂನಿಂದ ಸೆಪ್ಟೆಂಬರ್. ಇಲ್ಲಿ ಒಂದು ಮಾತು ನೆನಪಿಟ್ಕೊಳ್ಳಿ, ಮಳೆಗಾಲದಲ್ಲಿ ಪಶ್ಚಿಮ ನೋಡೋಕೆ ಪೂರ್ವಕ್ಕೆ ಹೋಗಿ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳತ್ತೆ, ಅಲ್ಲಿ ಜೂನಲ್ಲಿ ಟ್ರೈಪಾಡ್ ಇಟ್ರೆ ಮೋಡದ ಹೊಟ್ಟೆಯೊಳಗೇ ನಿಂತಿರ್ತೀರಿ. ಘಟ್ಟದಿಂದ ದೂರ ಬಂದ ಹಾಗೆಲ್ಲ ಮಳೆ ಕಡಿಮೆ, ಶಿಕಾರಿಪುರ, ಭದ್ರಾವತಿ, ಅದರಾಚೆ ಹೊನ್ನಾಳಿ ಚನ್ನಗಿರಿ ಕಡೆ ಮೋಡ ಹರಿಯೋ ಚಾನ್ಸ್ ಜಾಸ್ತಿ. ಹೊರಡೋ ಮುಂಚೆ ಹವಾಮಾನ ಇಲಾಖೆ ಹಾಕೋ ಇನ್ಸಾಟ್ ಉಪಗ್ರಹದ ಚಿತ್ರ ತೆಗೆದು ನೋಡಿ, ನಮ್ಮ ತಲೆ ಮೇಲಿನ ಮೋಡಕ್ಕಿಂತ ಪಶ್ಚಿಮದಲ್ಲಿ ಕರಾವಳಿ ಮೇಲೇನಿದೆ ಅನ್ನೋದು ಮುಖ್ಯ, ಯಾಕಂದ್ರೆ ಕೆಳಗಿರೋ ಗ್ರಹಕ್ಕೆ ನಮ್ಮ ದೃಷ್ಟಿ ಹೋಗೋದು ಆ ಮೋಡಗಳ ಮೂಲಕ.

ಒಂದೇ ದಿನಕ್ಕೆ ಜೋತುಬೀಳಬೇಡಿ. ಪೇಪರಲ್ಲಿ ಹಾಕೋದು ಅತಿ ಹತ್ರ ಬರೋ ದಿನ ಮಾತ್ರ, ಆದ್ರೆ ಶುಕ್ರ ಗುರು ಜೋಡಿ ಅದಕ್ಕಿಂತ ನಾಲ್ಕು ದಿನ ಮೊದಲೂ ನಾಲ್ಕು ದಿನ ಆಮೇಲೂ ಮೂರು ಬೆರಳ ಅಂತರದೊಳಗೇ ಇರತ್ತೆ. ಒಂಬತ್ತು ಸಂಜೆಯಲ್ಲಿ ಒಂದು ಸಂಜೆಯಾದ್ರೂ ಅರ್ಧ ಗಂಟೆ ಮಳೆ ಬಿಟ್ರೆ ಸಾಕು. ಬಿಟ್ಟಾಗ ಮಾತ್ರ ಸಿಗೋ ಆಕಾಶ ಬೇಸಿಗೇಲಿ ಜನ್ಮದಲ್ಲೂ ಸಿಗಲ್ಲ, ಧೂಳೆಲ್ಲ ತೊಳೆದು ಗ್ರಹಗಳು ದಿಗಂತದವರೆಗೂ ಬೆಳ್ಳಗೇ ಕಾಣ್ತವೆ. ಗಂಬೂಟು, ಉಂಬಳಕ್ಕೆ (ಜಿಗಣೆಗೆ) ಹೊಗೆಸೊಪ್ಪು ಸುಣ್ಣ, ದೊಡ್ಡ ಟಾರ್ಚು ಇಟ್ಕೊಂಡೇ ಕೆರೆ ಏರಿಗೆ ಹೋಗಿ.

ಟೈಮ್

ಶಿವಮೊಗ್ಗದಲ್ಲಿ ಸೂರ್ಯಾಸ್ತ ಡಿಸೆಂಬರ್ ಶುರುವಲ್ಲಿ ಆರು ಗಂಟೆ ಆಚೀಚೆ, ಮಾರ್ಚ್ ಮೊದಲ ವಾರ ಆರೂವರೆ ದಾಟಿ, ಜೂನಲ್ಲಿ ಏಳರ ಹತ್ರ. ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಬೆಳ್ಳಿ ಕಾಣತ್ತೆ, ಇನ್ನೊಂದು ಹತ್ತು ನಿಮಿಷ ಬಿಟ್ಟು ಗುರು, ಶನಿ ಮಂಗಳಕ್ಕೆ ಇನ್ನೂ ಕತ್ತಲಾಗಬೇಕು. ಫೋಟೋಗೆ ಚಿನ್ನದಂಥ ಹೊತ್ತು ಅಂದ್ರೆ ಸೂರ್ಯಾಸ್ತದ ಮೇಲೆ 25 ನಿಮಿಷದಿಂದ 45 ನಿಮಿಷದವರೆಗೆ, ಕೆಳಗೆ ಕಿತ್ತಳೆ, ಮೇಲೆ ಗಾಢ ನೀಲಿ, ಗುಡ್ಡದ ಗೆರೆ ಕಪ್ಪಗೆ. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಬೇಗ ಕಳೆದುಹೋಗತ್ತೆ, ಕತ್ತಲಾದ ಮೇಲೆ ಟ್ರೈಪಾಡ್ ಕಾಲು ಬಿಡಿಸ್ತಾ ಕೂತ್ರೆ ಆ ನೀಲಿ ಸಿಗಲ್ಲ. ಸೂರ್ಯ ಇರುವಾಗಲೇ ಹೋಗಿ ಜಾಗ ಹಿಡೀರಿ.

ದುರ್ಬೀನು ಇದ್ರೆ ಸೂರ್ಯ ಪೂರ್ತಿ ಮುಳುಗೋವರೆಗೂ ಅದನ್ನ ಪಶ್ಚಿಮಕ್ಕೆ ತಿರುಗಿಸಲೇಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ, ಕಣ್ಣು ಹೋಗತ್ತೆ, ತಮಾಷೆ ಅಲ್ಲ. ಮುಳುಗಿದ ಮೇಲೆ 7x50 ಅಥವಾ 10x50 ದುರ್ಬೀನಲ್ಲಿ ಗುರುವಿನ ನಾಲ್ಕು ದೊಡ್ಡ ಚಂದ್ರಗಳು ಸೂಜಿಮೊನೆ ಚುಕ್ಕಿ ಹಾಗೆ ಒಂದೇ ಗೆರೇಲಿ ಕಾಣ್ತವೆ, ಮೊಣಕೈನ ಗೋಡೆಗೋ ಬೈಕ್ ಸೀಟಿಗೋ ಊರಿ ಹಿಡಿದ್ರೆ ಮಾತ್ರ. ಕೈ ನಡುಗಿದ್ರೆ ಏನೂ ಕಾಣಲ್ಲ.

ಫೋನಲ್ಲಿ ತೆಗೆಯೋದು

ಈಗಿನ ಸಾಧಾರಣ ಫೋನೂ ಸಾಕು, ನಿಜ ಹೇಳ್ತಿದೀನಿ. ಎರಡು ಬಿಳಿ ಚುಕ್ಕಿ, ಕೆಳಗೆ ಗುಡ್ಡ, ಮಧ್ಯೆ ಬಣ್ಣ, ಇಷ್ಟೇ ತಾನೇ ನಮಗೆ ಬೇಕಿರೋದು. ಫೋನನ್ನ ಅಲುಗಾಡದ ಹಾಗೆ ಇಡೋದು ಮೊದಲ ಕೆಲಸ, ಟ್ರೈಪಾಡ್ ಇಲ್ಲದಿದ್ರೆ ಕಲ್ಲಿಗೆ ಒರಗಿಸಿ, ಚಪ್ಪಲಿ ಮೇಲೆ ಓರೆ ಮಾಡಿ ಇಡಿ, ಏನಾದ್ರೂ ಮಾಡಿ. ಲೆನ್ಸ್ ಒರೆಸಿ, ಜೇಬಲ್ಲಿದ್ದ ಫೋನಿನ ಲೆನ್ಸಿಗೆ ಜಿಡ್ಡು ಹತ್ತಿರತ್ತೆ, ಬೆಳ್ಳಿ ಸುತ್ತ ಬರೋ ಮಬ್ಬು ಅದರದ್ದೇ. ಮೂರು ಸೆಕೆಂಡ್ ಟೈಮರ್ ಹಾಕಿ, ಬಟನ್ ಒತ್ತಿದ ನಡುಕ ಅಷ್ಟರಲ್ಲಿ ನಿಂತಿರತ್ತೆ.

ಪ್ರೊ ಮೋಡ್ (ಎಲ್ಲ ನಾವೇ ಸೆಟ್ ಮಾಡೋದು) ಇದ್ರೆ ಐಎಸ್ಒ, ಅಂದ್ರೆ ಬೆಳಕು ಹಿಡಿಯೋ ಚುರುಕು, 100ರಿಂದ 400, ಶಟರ್, ಅಂದ್ರೆ ಬೆಳಕು ಒಳಗೆ ಬಿಡೋ ಹೊತ್ತು, ಕಾಲು ಸೆಕೆಂಡಿಂದ ಒಂದು ಸೆಕೆಂಡು, ಫೋಕಸ್ ಗುಡ್ಡದ ಚಿತ್ರ ಇರೋ ಕಡೆ ಪೂರ್ತಿ ಎಳೀರಿ. ಪ್ರೊ ಮೋಡ್ ಇಲ್ಲ ಅಂದ್ರೆ ಗುಡ್ಡದ ಅಂಚನ್ನ ಬೆರಳಲ್ಲಿ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ ಬೆಳಕು ಸ್ವಲ್ಪ ಇಳಿಸಿ, ಇಳಿಸದೇ ಹೋದ್ರೆ ಫೋನು ಮುಸ್ಸಂಜೇನ ಮಧ್ಯಾಹ್ನ ಮಾಡಿಬಿಡತ್ತೆ. ಎರಡು ಬೆರಳಿಂದ ಎಳೆದು ಜೂಮ್ ಮಾಡೋದು ಬೇಡ, ಮೇನ್ ಲೆನ್ಸಲ್ಲೇ ತೆಗೆದು ಆಮೇಲೆ ಕತ್ತರಿಸಿ. ಚಂದ್ರನಿಗೆ ಅಂತ ಇರೋ ಮೋಡ್ ಕೂಡ ಆಫ್ ಮಾಡಿಡಿ, ಕೆಲವು ಫೋನು ತನಗೆ ಗೊತ್ತಿರೋ ಚಂದ್ರನ್ನ ತಾನೇ ತಿದ್ದಿ ಕೂರಿಸತ್ತೆ, ಅದು ನೀವು ತೆಗೆದ ಫೋಟೋ ಅಲ್ಲ.

ಕ್ಯಾಮೆರಾ ಇರೋರಿಗೆ

ಕಿಟ್ ಲೆನ್ಸಲ್ಲಿ 35ರಿಂದ 55 ಮಿಮೀ, ಎಫ್ 4 ಅಥವಾ 5.6, ಐಎಸ್ಒ 400, ಒಂದು ಸೆಕೆಂಡಿಂದ ಶುರು ಮಾಡಿ ಕತ್ತಲಾದ ಹಾಗೆ ಶಟರ್ ಉದ್ದ ಮಾಡ್ತಾ ಹೋಗಿ. ಆಟೋ ಫೋಕಸ್ ಆಫ್. ಲೈವ್ ವ್ಯೂನಲ್ಲಿ ಬೆಳ್ಳೀನ ಹತ್ತು ಪಟ್ಟು ದೊಡ್ಡದು ಮಾಡ್ಕೊಂಡು ಚುಕ್ಕಿ ಎಲ್ಲಿ ಅತಿ ಸಣ್ಣ ಆಗತ್ತೋ ಅಲ್ಲಿಗೆ ರಿಂಗ್ ನಿಲ್ಲಿಸಿ, ಆಮೇಲೆ ಆ ರಿಂಗ್ ಮುಟ್ಟಬೇಡಿ, ಬೇಕಾದ್ರೆ ಟೇಪ್ ಸುತ್ತಿ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸರ್ ಆಫ್. ರಾ ಫೈಲಲ್ಲಿ ತೆಗೀರಿ, ವೈಟ್ ಬ್ಯಾಲೆನ್ಸ್ ಡೇಲೈಟಿಗೆ ಇಡಿ, ಆಟೋ ಬಿಟ್ರೆ ಆ ಕಿತ್ತಳೆ ಬಣ್ಣಾನೇ ತೊಳೆದು ಹಾಕತ್ತೆ.

ಎಷ್ಟು ಸೆಕೆಂಡ್ ತೆರೆದಿಡಬಹುದು ಅನ್ನೋಕೆ ಹಳೇ ಲೆಕ್ಕ ಒಂದಿದೆ, 500ನ್ನ ಲೆನ್ಸಿನ ಮಿಮೀಯಿಂದ ಭಾಗಿಸೋದು, ಸಣ್ಣ ಸೆನ್ಸರ್ ಕ್ಯಾಮೆರಾ ಆದ್ರೆ ಮಿಮೀನ ಮೊದಲು ಒಂದೂವರೆಯಿಂದ ಗುಣಿಸಿ. ಸಣ್ಣ ಸೆನ್ಸರಲ್ಲಿ 50 ಮಿಮೀಗೆ ಆರೂವರೆ ಸೆಕೆಂಡ್ ಬರತ್ತೆ, 200ಕ್ಕೆ ಒಂದೂವರೆ ಚಿಲ್ಲರೆ. ನನ್ನ ಕೇಳಿದ್ರೆ ಅದರಲ್ಲೂ ಅರ್ಧ ಇಟ್ಕೊಳ್ಳಿ, ದೊಡ್ಡದು ಮಾಡಿ ನೋಡಿದಾಗ ಚುಕ್ಕಿ ಗೆರೆ ಆಗಿರೋದು ಬೇಜಾರು.

200 ಮಿಮೀ ಲೆನ್ಸಿದ್ರೆ ಆಟವೇ ಬೇರೆ. ಸಣ್ಣ ಸೆನ್ಸರಲ್ಲಿ ಅದಕ್ಕೆ ಸಿಗೋದು ಸುಮಾರು ಆರೂವರೆ ಡಿಗ್ರಿ ಅಗಲದ ಆಕಾಶ, ಒಂದೆರಡು ಡಿಗ್ರಿ ಅಂತರದ ಜೋಡಿ ಆರಾಮಾಗಿ ಕೂರತ್ತೆ. ಐಎಸ್ಒ 800, ಒಂದು ಸೆಕೆಂಡಿನ ಆಸುಪಾಸು ತೆಗೆದ್ರೆ ಗುರುವಿನ ಪಕ್ಕ ಚಂದ್ರಗಳು ಬರ್ತವೆ, ಆದ್ರೆ ಬೆಳ್ಳಿ ಉರಿದು ಬೆಳ್ಳಗಾಗತ್ತೆ, ಗುರುಗಿಂತ ಆರು ಪಟ್ಟು ಹೊಳಪು ಅವನದ್ದು, ಏನೂ ಮಾಡೋಕಾಗಲ್ಲ. ಒಂದು ಕಡಿಮೆ ಒಂದು ಜಾಸ್ತಿ ಅಂತ ನಾಲ್ಕೈದು ಬೇರೆ ಬೇರೆ ಎಕ್ಸ್‌ಪೋಷರ್ ತೆಗೆದಿಟ್ಕೊಳ್ಳಿ. ಎರಡು ಫೋಟೋ ಸೇರಿಸಿ ಒಂದು ಮಾಡಿದ್ರೆ ಹಾಕುವಾಗ ಹಾಗೇ ಅಂತ ಬರೀರಿ.

ಇಬ್ಬನಿ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಚಳಿಗಾಲದ ಸಂಜೆ ನೀರಿನ ಹತ್ರ ನಿಂತ್ರೆ ಅರ್ಧ ಗಂಟೆಗೆ ಲೆನ್ಸ್ ಮಂಜಾಗತ್ತೆ, ವ್ಯೂಫೈಂಡರಲ್ಲಿ ಗೊತ್ತೂ ಆಗಲ್ಲ, ಮನೆಗೆ ಬಂದು ನೋಡಿದ್ರೆ ಎಲ್ಲ ಮಸುಕು. ನಡುನಡುವೆ ಟಾರ್ಚ್ ಓರೆ ಹಿಡಿದು ಗಾಜು ನೋಡ್ತಿರಿ. ಬಟ್ಟೇಲಿ ಉಜ್ಜಿದ್ರೆ ಮತ್ತೆ ಕೂರತ್ತೆ, ಗೆರೆನೂ ಬೀಳಬಹುದು, ಅದರ ಬದಲು ಹುಡ್ ಹಾಕಿ, ಫೋಟೋ ತೆಗೆಯದೇ ಇರುವಾಗ ಲೆನ್ಸ್ ಕೆಳಮುಖ ಮಾಡಿ ಮುಚ್ಚಿಡಿ. ಮನೆಗೆ ಬಂದ ಮೇಲೆ ಬ್ಯಾಗೊಳಗೆ ಸಿಲಿಕಾ ಜೆಲ್ ಇಡಿ, ಮಲ್ನಾಡ ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯೋದು ಬಹಳ ಸಲೀಸು.

ಅಡಿಕೆ ಮರದ ಪಕ್ಕ ಗ್ರಹ ಕೂರಿಸೋದು

ಬರೀ ಆಕಾಶದಲ್ಲಿ ಎರಡು ಚುಕ್ಕಿ ಇರೋ ಫೋಟೋ ಯಾರ ಊರಿನದ್ದೂ ಆಗಬಹುದು. ಅದು ಮಲ್ನಾಡ ಫೋಟೋ ಆಗಬೇಕಂದ್ರೆ ಕೆಳಗೆ ಏನಾದ್ರೂ ಬೇಕು, ಇದಕ್ಕೊಂದು ಲೆಕ್ಕ ಇದೆ. ಒಂದು ಮೀಟರ್ ಉದ್ದದ ವಸ್ತು 57 ಮೀಟರ್ ದೂರದಲ್ಲಿ ಒಂದು ಡಿಗ್ರಿ ಕಾಣತ್ತೆ. ಹಾಗಾಗಿ 1.6 ಡಿಗ್ರಿ ಅಂತರದ ಜೋಡಿ, 100 ಮೀಟರ್ ದೂರದ ಮರದ ಹತ್ರ ಸುಮಾರು 2.8 ಮೀಟರ್ ಅಗಲಕ್ಕೆ ಸಮ, ಅಂದ್ರೆ ಹೆಚ್ಚುಕಮ್ಮಿ ಒಂದು ಅಡಿಕೆ ಮರದ ತಲೆಯಷ್ಟು. ಅದೇ ಮರದ ಬುಡದ ಹತ್ರ ಹೋಗಿ ನಿಂತ್ರೆ ತಲೆ ದೊಡ್ಡದಾಗಿ ಗ್ರಹಗಳು ಅದರ ಮುಂದೆ ಲೆಕ್ಕಕ್ಕೇ ಇರಲ್ಲ. ದೂರ ಹೋಗಿ, ಉದ್ದ ಲೆನ್ಸ್ ಹಾಕಿ, ಜೋಡಿ ದೊಡ್ಡದಾಗಿ ಕಾಣೋದು ಹೀಗೆ. 15 ಮೀಟರಿನ ಮರ 100 ಮೀಟರ್ ದೂರದಿಂದ ಎಂಟೂವರೆ ಡಿಗ್ರಿ ಎತ್ತರ, ಒಂದು ಮುಷ್ಟಿಗೂ ಕಡಿಮೆ, ಆದ್ದರಿಂದ ಗ್ರಹಗಳು ಅಷ್ಟು ಕೆಳಗೆ ಇಳಿಯೋ ಟೈಮಿಗೆ ಅಲ್ಲಿರಬೇಕು.

ಗಾಳಿ ಇದ್ರೆ ಸೋಗೆ ಅಲ್ಲಾಡಿ ಮಸುಕಾಗತ್ತೆ, ಆವಾಗ ಐಎಸ್ಒ 1600ಕ್ಕೆ ಏರಿಸಿ ಶಟರ್ ಕಾಲು ಸೆಕೆಂಡಿಗೆ ಇಳಿಸಿ. ಸೋಗೆ ಮೇಲೆ ಟಾರ್ಚ್ ಬಿಡೋದು ನನಗೆ ಇಷ್ಟ ಆಗಲ್ಲ, ಕಪ್ಪು ಗೆರೆಯಾಗಿದ್ರೇನೇ ಚಂದ.

ಮೊದಲನೇ ಸಲ ಮಾಡೋರು ಯುತಿ ದಿನವೇ ಶುರು ಮಾಡೋ ಬದಲು ಅಮಾವಾಸ್ಯೆ ಕಳೆದು ಬಿದಿಗೆ ತದಿಗೆ ಚಂದ್ರ ಬರ್ತಾನಲ್ಲ, ಅವನ ಮೇಲೆ ಪ್ರಾಕ್ಟೀಸ್ ಮಾಡಿ. ಬೆಳ್ಳಿ ಸಂಜೆಗೆ ಇರೋ ತಿಂಗಳಲ್ಲಿ ಈ ಎಳೆ ಚಂದ್ರ ಪ್ರತಿ ತಿಂಗಳೂ ಅವನನ್ನ ದಾಟಿಕೊಂಡೇ ಹೋಗ್ತಾನೆ. 200 ಮಿಮೀ, ಎಫ್ 5.6, ಐಎಸ್ಒ 400, ಒಂದು ಸೆಕೆಂಡು ಇಟ್ರೆ ಚಂದ್ರನ ಕತ್ತಲೆ ಭಾಗವೂ ಮಂಕಾಗಿ ಕಾಣತ್ತೆ, ಅದು ಭೂಮಿಯಿಂದ ಹೋಗಿ ವಾಪಸ್ ಬಂದ ಬೆಳಕು.

ಇನ್ನು ನಿಜವಾಗ್ಲೂ ಮಾಡಬೇಕಾದ ಫೋಟೋ ಯಾವುದು ಅಂದ್ರೆ ಒಂದಲ್ಲ, ವಾರದ್ದು. ಒಂದೇ ಜಾಗ, ಒಂದೇ ಲೆನ್ಸ್, ದಿನಾ ಸೂರ್ಯಾಸ್ತ ಆಗಿ 40 ನಿಮಿಷಕ್ಕೆ ಒಂದು ಫೋಟೋ. ಟ್ರೈಪಾಡಿನ ಮೂರು ಕಾಲು ನಿಂತಲ್ಲಿ ಗೂಟ ಹೊಡೀರಿ, ತಾರಸಿ ಆದ್ರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗುಡ್ಡದ ಗೆರೆ ಪ್ರತಿ ಫೋಟೋದಲ್ಲೂ ಒಂದೇ ಕಡೆ ಬರೋ ಹಾಗೆ ನೋಡ್ಕೊಳ್ಳಿ. ಅವನ್ನ ಪಕ್ಕಪಕ್ಕ ಇಟ್ರೆ ಗುರು ದಿನದಿನಕ್ಕೂ ಕೆಳಗಿಳೀತಾ ಬೆಳ್ಳಿ ಪಕ್ಕ ಬಂದು ದಾಟಿ ಹೋಗೋದು ಸರಿಯಾಗಿ ಕಾಣತ್ತೆ. ಮಧ್ಯೆ ಎರಡು ದಿನ ಮೋಡ ಮುಚ್ಚಿದ್ರೂ ಆ ಮೋಡದ ಫೋಟೋನೇ ತೆಗೆದು ಸಾಲಲ್ಲಿ ಹಾಕಿ, ಜೂನ್ ತಿಂಗಳ ಮಲ್ನಾಡು ಅಂದ್ರೆ ಅದೂ ಸೇರಿದ್ದೇ ಅಲ್ವಾ.